ಅಪ್ಪನ ನಾಡಿಗೆ ಬಂದ ಫಸ್ಟ್ ಕ್ಲಾಸ್ ಮಾರ್ಕ್ಸು

ಬೆಳಗ್ಗೆ ಎದ್ದ ಕೂಡಲೇ ಮೊಬೈಲ್ ನೋಡೋದು ನಮ್ಮೆಲ್ಲರ ಹಳೇ ಚಟ. ಈಗ ಅದಕ್ಕೊಂದು ಹೊಸ ಬಾಲ ಸೇರಿಕೊಂಡಿದೆ. ಸ್ಮಾರ್ಟ್‌ವಾಚ್ ಕಟ್ಟಿಕೊಂಡೇ ಮಲಗಿದವರು ಎದ್ದು ಮೊದಲು ನೋಡೋದು 'ಎಚ್‌ಆರ್‌ವಿ ಎಷ್ಟು ಬಂತು' ಅಂತ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇದು ದಿನನಿತ್ಯದ ಮಾತು. "ನಂದು 48, ನಿಂದೆಷ್ಟು?" ಅಂತ ಕೇಳೋ ರೀತಿ ನೋಡಿದರೆ ಪಿಯುಸಿ ರಿಸಲ್ಟ್ ದಿನ ನೆನಪಾಗುತ್ತೆ. ಕಡಿಮೆ ಬಂದವನು ಆವತ್ತು ಕಾಫಿ ಬಿಟ್ಟು ಗ್ರೀನ್ ಟೀ ಕುಡೀತಾನೆ. ಜಾಸ್ತಿ ಬಂದವನು ಎರಡು ವಡೆ ಹೆಚ್ಚಿಗೆ ತಿಂತಾನೆ.

ನಾನೂ ಅದೇ ಗುಂಪಿನವನು. ಈ ವಾರ ಆ ಅಂಕ ನಾಡಿಯ ಅಲೆಯಿಂದ ಹೇಗೆ ಹುಟ್ಟುತ್ತೆ ಅನ್ನೋದನ್ನ ಬರೀತೀನಿ. ಜೊತೆಗೆ ಅದನ್ನ ನಂಬಿ ನಾನು ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ. ಎರಡನೆಯದಕ್ಕೋಸ್ಕರವೇ ಮೊದಲನೆಯದು, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಿ.

ಗಡಿಯಾರದ ಹಾಗೆ ಬಡಿಯದ ಹೃದಯ

ಹೃದಯ ನಿಮಿಷಕ್ಕೆ 60 ಸಲ ಬಡಿಯುತ್ತೆ ಅಂದರೆ ಸೆಕೆಂಡಿಗೆ ಸರಿಯಾಗಿ ಒಂದು ಬಡಿತ ಅಂತ ಅಂದುಕೊಂಡಿರ್ತೀವಿ. ಹಾಗಿಲ್ಲ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಒಮ್ಮೆ 980 ಮಿಲಿಸೆಕೆಂಡ್, ಮತ್ತೊಮ್ಮೆ 1030, ಆಮೇಲೆ 1010, ಹೀಗೆ ಹೆಚ್ಚುಕಡಿಮೆ ಆಗ್ತಾನೇ ಇರುತ್ತೆ. ಈ ಏರಿಳಿತಕ್ಕೇ ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಎಚ್‌ಆರ್‌ವಿ ಅನ್ನೋದು.

ಇದನ್ನ ನೋಡೋಕೆ ವಾಚೇ ಬೇಕಂತಿಲ್ಲ. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕೆಳಗೆ, ಬಲಗೈಯ ಎರಡು ಬೆರಳು ಇಟ್ಟು ನಾಡಿ ಹಿಡೀರಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಬಡಿತ ಸ್ವಲ್ಪ ಚುರುಕಾಗುತ್ತೆ. ನಿಧಾನವಾಗಿ ಬಿಡಿ, ಬಡಿತವೂ ನಿಧಾನ ಆಗುತ್ತೆ. ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್‌ವಿಗ್ ಇದನ್ನ 1847ರಲ್ಲೇ ಯಂತ್ರದಲ್ಲಿ ದಾಖಲಿಸಿದ್ದ. ಮೆದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ ಇದರ ಹಿಂದಿನ ಮುಖ್ಯ ಕೈ. ಅದು ಗಾಡಿಯ ಬ್ರೇಕ್ ಇದ್ದ ಹಾಗೆ. ಉಸಿರು ಬಿಡುವಾಗ ಬ್ರೇಕ್ ಬಿಗಿ, ಎಳೆಯುವಾಗ ಸಡಿಲ. ಮೈಗೆ ವಿಶ್ರಾಂತಿ ಸಿಕ್ಕಿದ್ದರೆ ಈ ಬ್ರೇಕ್ ಚೆನ್ನಾಗಿ ಕೆಲಸ ಮಾಡುತ್ತೆ, ಏರಿಳಿತ ಹೆಚ್ಚು ಕಾಣುತ್ತೆ. ನಿದ್ದೆಗೆಟ್ಟಾಗ, ಜ್ವರ ಬಂದಾಗ, ರಾತ್ರಿ ಕುಡಿದು ಮಲಗಿದಾಗ, ರಿಲೀಸ್ ಮುನ್ನಾದಿನ ಮ್ಯಾನೇಜರ್ ಹತ್ತು ಸಲ ಫೋನ್ ಮಾಡಿದಾಗ ಏರಿಳಿತ ಇಳಿಯುತ್ತೆ.

ಅದಕ್ಕೇ 'ಎಚ್‌ಆರ್‌ವಿ ಹೆಚ್ಚಿದ್ದಷ್ಟೂ ಒಳ್ಳೇದು' ಅನ್ನೋ ಮಾತು ಎಲ್ಲ ಕಡೆ ಹರಡಿರೋದು. ಅದರಲ್ಲಿ ಸತ್ಯ ಇದೆ. 1987ರಲ್ಲಿ ಅಮೆರಿಕದ ಸಂಶೋಧಕರು, ಹೃದಯಾಘಾತದಿಂದ ಚೇತರಿಸಿಕೊಂಡವರ ಪೈಕಿ ದಿನವಿಡೀ ದಾಖಲಾದ ಏರಿಳಿತ ತೀರಾ ಕಡಿಮೆ ಇದ್ದವರಿಗೆ ಸಾವಿನ ಅಪಾಯ ಐದು ಪಟ್ಟು ಹೆಚ್ಚು ಅಂತ ಕಂಡುಕೊಂಡರು. ನಮ್ಮಲ್ಲೂ ಬೆಂಗಳೂರು ಪಕ್ಕದ ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಆವರ್ತನ ಧ್ಯಾನ ಮಾಡಿದಾಗ ಈ ಏರಿಳಿತ ಹೇಗೆ ಬದಲಾಗುತ್ತೆ ಅಂತ ಅಳೆದು ಪ್ರಬಂಧ ಪ್ರಕಟಿಸಿದ್ದಾರೆ. ಆದರೆ ಆ 'ಹೆಚ್ಚಿದ್ದಷ್ಟೂ ಒಳ್ಳೇದು' ಅನ್ನೋ ಮಾತಿಗೆ ಒಂದು ಷರತ್ತು ಇದೆ. ಆ ಷರತ್ತು ನನಗೆ ಗೊತ್ತಿರಲಿಲ್ಲ ಅಂತಲ್ಲ. ಓದಿದ್ದೆ, ಮರೆತಿದ್ದೆ.

ಬೆಳಕು ಬಿಟ್ಟು ನಾಡಿ ಹಿಡಿಯೋದು

ಆಸ್ಪತ್ರೆಯಲ್ಲಿ ಹೃದಯದ ಬಡಿತ ಅಳೆಯೋದು ಇಸಿಜಿಯಿಂದ. ಎದೆಗೆ ತಂತಿ ಅಂಟಿಸಿ ಹೃದಯದ ವಿದ್ಯುತ್ತನ್ನೇ ನೇರವಾಗಿ ಹಿಡೀತಾರೆ. ಅದರಲ್ಲಿ ಪ್ರತಿ ಬಡಿತಕ್ಕೂ ಸೂಜಿ ಮೊನೆಯಂಥ ಒಂದು ಚೂಪು ಗೆರೆ ಬರುತ್ತೆ. ಎರಡು ಮೊನೆಗಳ ನಡುವಿನ ಅಂತರ ಅಳೆಯೋದು ಸುಲಭ.

ವಾಚಿನಲ್ಲಿ, ಉಂಗುರದಲ್ಲಿ ನಡೆಯೋದು ಬೇರೆ. ವಾಚ್ ಬಿಚ್ಚಿ ಹಿಂದೆ ನೋಡಿ, ಹಸಿರು ಬೆಳಕು ಮಿನುಗ್ತಾ ಇರುತ್ತೆ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನ ಚೆನ್ನಾಗಿ ಹೀರಿಕೊಳ್ಳುತ್ತೆ. ಹೃದಯ ಒಮ್ಮೆ ಹಿಂಡಿದಾಗ ಚರ್ಮದ ಕೆಳಗಿನ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತೆ, ವಾಪಸ್ ಬರೋ ಬೆಳಕು ಕಡಿಮೆ ಆಗುತ್ತೆ. ರಕ್ತ ಇಳಿದಾಗ ಬೆಳಕು ಹೆಚ್ಚುತ್ತೆ. ಈ ಏರಿಳಿತವನ್ನ ಗೀಚಿದರೆ ಸಿಗೋದೇ ನಾಡಿಯ ಅಲೆ. ಇದಕ್ಕೆ ಫೋಟೋಪ್ಲೆಥಿಸ್ಮೋಗ್ರಫಿ ಅಂತ ಉದ್ದನೆಯ ಹೆಸರು, ಚಿಕ್ಕದಾಗಿ ಪಿಪಿಜಿ. 1930ರ ದಶಕದಲ್ಲಿ ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ ಇದಕ್ಕೆ ಬುನಾದಿ ಹಾಕಿದ. 1970ರ ದಶಕದಲ್ಲಿ ಜಪಾನಿನ ಟಕುವೊ ಅಯೋಯಾಗಿ ಇದೇ ಅಲೆಯಿಂದ ರಕ್ತದ ಆಮ್ಲಜನಕ ಅಳೆಯೋ ದಾರಿ ಕಂಡುಹಿಡಿದ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತಲ್ಲ ಆಕ್ಸಿಮೀಟರ್, ಅದು ಅವನ ಕೊಡುಗೆ. ಬೆಂಗಳೂರಿನಲ್ಲೇ ಹುಟ್ಟಿದ ಅಲ್ಟ್ರಾಹ್ಯೂಮನ್ ಕಂಪನಿಯ ಉಂಗುರ ಎಚ್‌ಆರ್‌ವಿ ಲೆಕ್ಕ ಹಾಕೋದೂ ಬೆರಳಿನ ಈ ಅಲೆಯಿಂದಲೇ.

ಆದರೆ ನಾಡಿಯ ಅಲೆಗೂ ಇಸಿಜಿಗೂ ಮೂರು ಮುಖ್ಯ ವ್ಯತ್ಯಾಸ ಇವೆ.

ಮೊದಲನೆಯದು, ಅಲೆ ತಡವಾಗಿ ಬರುತ್ತೆ. ಹೃದಯದಲ್ಲಿ ವಿದ್ಯುತ್ ಹೊಡೆದ ಮೇಲೆ ರಕ್ತದ ಅಲೆ ಬೆರಳ ತುದಿಗೆ ಮುಟ್ಟೋಕೆ ಸುಮಾರು ಕಾಲು ಸೆಕೆಂಡ್ ಬೇಕು. ಈ ತಡ ಪ್ರತಿ ಸಲವೂ ಒಂದೇ ಇದ್ದಿದ್ದರೆ ಚಿಂತೆ ಇರಲಿಲ್ಲ. ಉಸಿರಾಟ, ರಕ್ತದೊತ್ತಡಕ್ಕೆ ತಕ್ಕಂತೆ ಅದೂ ಸ್ವಲ್ಪ ಸ್ವಲ್ಪ ಬದಲಾಗುತ್ತೆ. ಹಾಗಾಗಿ ಇದನ್ನ 'ಪಲ್ಸ್ ರೇಟ್ ವೇರಿಯಬಿಲಿಟಿ' ಅಂತ ಬೇರೆ ಹೆಸರಿನಿಂದ ಕರೆಯೋರಿದ್ದಾರೆ. ಸುಮ್ಮನೆ ಮಲಗಿದ್ದಾಗ ಎರಡೂ ಹತ್ತಿರ ಹತ್ತಿರ ಇರುತ್ತೆ. ಓಡಾಡುವಾಗ ದೂರ ದೂರ.

ಎರಡನೆಯದು, ಅಲೆಗೆ ಚೂಪು ಮೊನೆ ಇಲ್ಲ. ಅದರ ತಲೆ ನಮ್ಮೂರ ಗುಡ್ಡದ ಬಂಡೆ ಹಾಗೆ ಉರುಟು. ಎಲ್ಲಿ ನಿಂತು ಅಳೀಬೇಕು? ಅದಕ್ಕೇ ತಲೆಗಿಂತ ಅಲೆ ಏಳಲು ಶುರುವಾಗುವ ಬುಡ ಅಥವಾ ಅತಿ ಕಡಿದಾಗಿ ಏರುವ ಜಾಗವನ್ನ ಹಿಡಿಯೋದು ವಾಸಿ.

ಮೂರನೆಯದು, ಕೈ ಅಲ್ಲಾಡಿದರೆ ಕೆಟ್ಟಿತು. ಸೆನ್ಸರಿಗೆ ವಾಪಸ್ ಬರೋ ಬೆಳಕಿನಲ್ಲಿ ನಾಡಿಯ ಪಾಲು ಸಾಮಾನ್ಯವಾಗಿ ಶೇಕಡಾ ಒಂದೆರಡು ಅಷ್ಟೆ. ಕೈ ಆಡಿಸಿದಾಗ ಬರೋ ಗದ್ದಲ ಅದರ ಎಷ್ಟೋ ಪಟ್ಟು. ಬೆರಳು ತಣ್ಣಗಿದ್ದರೂ, ಪಟ್ಟಿ ಸಡಿಲ ಇದ್ದರೂ ಅಲೆ ಸೊರಗುತ್ತೆ. ಹೆಚ್ಚಿನ ಆ್ಯಪ್‌ಗಳು ರಾತ್ರಿ ನಿದ್ದೆಯ ಲೆಕ್ಕವನ್ನೇ ನೆಚ್ಚಿಕೊಳ್ಳೋದು ಇದಕ್ಕೇ.

ಎಸ್‌ಪಿ ರೋಡಿನ ಪುಟ್ಟ ಸೆನ್ಸರ್

ವಾಚು ಅಂಕ ಕೊಡುತ್ತೆ, ಅಲೆ ತೋರಿಸಲ್ಲ. ನನಗೆ ಅಲೆ ಬೇಕಿತ್ತು. ಕಳೆದ ವರ್ಷ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಮ್ಯಾಕ್ಸ್30102 ಅನ್ನೋ ಪುಟ್ಟ ಸೆನ್ಸರ್, ಒಂದು ಇಎಸ್‌ಪಿ32 ಬೋರ್ಡ್ ತಂದೆ. ಬೆರಳ ಉಗುರಿನಷ್ಟಿರೋ ಆ ಸೆನ್ಸರ್‌ನಲ್ಲಿ ಒಂದು ಕೆಂಪು ಬೆಳಕು, ಒಂದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಇರುತ್ತೆ. ಬೆರಳು ಇಟ್ಟರೆ ಸೆಕೆಂಡಿಗೆ 100 ಸಲ ಓದಿ ಲ್ಯಾಪ್‌ಟಾಪಿಗೆ ಕಳಿಸೋ ಹಾಗೆ ಕೋಡ್ ಬರೆದೆ. ಸೆಕೆಂಡಿಗೆ 100 ಅಂದರೆ ಎರಡು ಚುಕ್ಕಿಗಳ ನಡುವೆ 10 ಮಿಲಿಸೆಕೆಂಡ್. ನಾವು ಹುಡುಕೋ ವ್ಯತ್ಯಾಸವೇ 20-30 ಮಿಲಿಸೆಕೆಂಡ್ ಇರುವಾಗ 10 ದೊಡ್ಡದೇ. ಆದ್ದರಿಂದ ಚುಕ್ಕಿಗಳ ನಡುವೆ ನಯವಾದ ಗೆರೆ ಎಳೆದು ಸರಿಯಾದ ಜಾಗ ಹುಡುಕಬೇಕು.

ಇನ್ನು ಲೆಕ್ಕ. ಹೆಚ್ಚಿನ ವಾಚ್, ಉಂಗುರಗಳು ತೋರಿಸೋ ಅಂಕದ ಹೆಸರು ಆರ್‌ಎಂಎಸ್‌ಎಸ್‌ಡಿ. ಹೆಸರು ಕೇಳಿ ಹೆದರಬೇಡಿ, ಹೈಸ್ಕೂಲ್ ಗಣಿತ. ನಾಲ್ಕು ಅಂತರ ತಗೊಳ್ಳಿ: 800, 840, 810, 850 ಮಿಲಿಸೆಕೆಂಡ್. ಪಕ್ಕಪಕ್ಕದವುಗಳ ವ್ಯತ್ಯಾಸ 40, 30, 40. ವರ್ಗ ಮಾಡಿದರೆ 1600, 900, 1600. ಸರಾಸರಿ ಸುಮಾರು 1367. ಅದರ ವರ್ಗಮೂಲ 37. ಅಷ್ಟೇ, ನಿಮ್ಮ ಎಚ್‌ಆರ್‌ವಿ 37 ಮಿಲಿಸೆಕೆಂಡ್.

ಈಗ ಮಜಾ ನೋಡಿ. ಇದೇ ಸಾಲಿನಲ್ಲಿ ನಡುವಿನ ಒಂದೇ ಒಂದು ಬಡಿತ ಸೆನ್ಸರ್ ಕಣ್ಣಿಗೆ ತಪ್ಪಿತು ಅಂದುಕೊಳ್ಳಿ. 840 ಮತ್ತು 810 ಸೇರಿ 1650 ಆಗುತ್ತೆ. ಸಾಲು ಈಗ 800, 1650, 850. ಮತ್ತೆ ಅದೇ ಲೆಕ್ಕ ಮಾಡಿ. ಉತ್ತರ 825! ಒಂದು ಬಡಿತ ತಪ್ಪಿದ್ದಕ್ಕೆ 37 ಹೋಗಿ 825. ಐದು ನಿಮಿಷದ ಅಳತೆಯಲ್ಲಿ ಇಷ್ಟು ಎದ್ದು ಕಾಣಲ್ಲ, ಆದರೂ ಹತ್ತಾರು ಅಂಕ ಏರೋದು ಖಂಡಿತ. ನೆನಪಿಟ್ಟುಕೊಳ್ಳಿ, ಈ ಲೆಕ್ಕಕ್ಕೆ ಏರಿಳಿತ ಯಾಕೆ ಬಂತು ಅನ್ನೋದು ಗೊತ್ತಿಲ್ಲ. ಉಸಿರಾಟದಿಂದ ಬಂತೋ, ಬೆರಳು ಜಾರಿದ್ದಕ್ಕೆ ಬಂತೋ, ಬೇರೆ ಏನಾದರೂ ಕಾರಣಕ್ಕೆ ಬಂತೋ, ಎಲ್ಲವನ್ನೂ ಕೂಡಿಸಿ ಒಂದು ಅಂಕ ಕೈಗಿಡುತ್ತೆ.

ಸಿದ್ದಾಪುರದ ಪಡಸಾಲೆಯಲ್ಲಿ

ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ. ಹಬ್ಬಕ್ಕೆ ಊರಿಗೆ ಹೋದಾಗ ಈ ಡಬ್ಬಿಯನ್ನೂ ಒಯ್ದಿದ್ದೆ. ಸಂಜೆ ಪಡಸಾಲೆಯಲ್ಲಿ ಎಲ್ಲರ ಬೆರಳೂ ಅದರ ಮೇಲೆ ಇಡಿಸಿದೆ. ಒಬ್ಬೊಬ್ಬರದು ಐದು ನಿಮಿಷ. ನಂದು 39 ಬಂತು. ಅವ್ವಂದು 24. ಅಪ್ಪಂದು 118.

ನೂರಾ ಹದಿನೆಂಟು! ಆರೋಗ್ಯವಂತ ವಯಸ್ಕರಲ್ಲಿ ಐದು ನಿಮಿಷದ ಅಳತೆ ಸಾಮಾನ್ಯವಾಗಿ 20ರಿಂದ 75ರ ಒಳಗೆ ಇರುತ್ತೆ, ವಯಸ್ಸಾದ ಹಾಗೆ ಇಳಿಯುತ್ತೆ. ಅಪ್ಪನಿಗೆ 66. ಜೀವನವಿಡೀ ಶೇಂಗಾ ಹೊಲದಲ್ಲಿ ದುಡಿದವರು. ನಾನು ಲ್ಯಾಪ್‌ಟಾಪ್ ತಿರುಗಿಸಿ ಎಲ್ಲರಿಗೂ ತೋರಿಸಿದೆ.

"ಅಪ್ಪಾ, ನಿಂದು ಓಟಗಾರರ ಹಾರ್ಟು. ನನಗಿಂತ ಮೂರು ಪಟ್ಟು ಐತೆ."

"ಹೊಲದಾಗೆ ದುಡಿದ ಮೈ ಕಣಪ್ಪ," ಅಂದರು ಅಪ್ಪ. ಮುಖದಲ್ಲಿ ನಗು. "ನೀವು ಏಸೀಲಿ ಕೂತೋರು. ನಿಮಗೆಲ್ಲಿಂದ ಬರಬೇಕು."

ಅವ್ವ ಒಲೆ ಮುಂದಿನಿಂದಲೇ ಕೇಳಿದಳು. "ಹಂಗಾದ್ರೆ ಮೊನ್ನೆ ಜಟಿಂಗರಾಮೇಶ್ವರನ ಗುಡ್ಡ ಹತ್ತಾಗ ಮೂರು ಕಡೆ ಯಾಕೆ ಕೂತ್ರು ನಿಮ್ಮಪ್ಪ? ಹೋದ ವರ್ಷ ಒಂದು ಕಡೆನೂ ಕೂತಿರಲಿಲ್ಲ."

"ವಯಸ್ಸಾಯ್ತಲ್ಲವ್ವ," ಅಂದೆ ನಾನು. ಅಪ್ಪನೂ ಹೌದೆಂದರು. ಮಾತು ಅಲ್ಲಿಗೆ ಮುಗೀತು. ಮಾರನೇ ದಿನ ಅಪ್ಪ ಅರಳಿಕಟ್ಟೆ ಹತ್ತಿರ ನಾಲ್ಕು ಜನಕ್ಕೆ 118 ಅಂತ ಹೇಳಿಕೊಂಡು ಬಂದರು. ನಾನು ಬಸ್ ಹತ್ತಿ ಬೆಂಗಳೂರಿಗೆ ಬಂದೆ.

ಕೋಡ್ ಎಸೆದ ಬಡಿತಗಳು

ಎರಡೂವರೆ ವಾರ ಆದ ಮೇಲೆ ಒಂದು ಭಾನುವಾರ ಕೋಡ್ ರಿಪೇರಿಗೆ ಕೂತೆ. ತಪ್ಪಿದ ಬಡಿತದ ಕಾಟ ತಪ್ಪಿಸೋಕೆ ಎಲ್ಲರೂ ಬಳಸೋ ಒಂದು ಉಪಾಯ ಇದೆ. ಯಾವುದಾದರೂ ಅಂತರ ಅಕ್ಕಪಕ್ಕದವಕ್ಕಿಂತ ಶೇಕಡಾ 20ಕ್ಕೂ ಹೆಚ್ಚು ಬೇರೆ ಇದ್ದರೆ ಅದನ್ನ ಗದ್ದಲ ಅಂತ ಎಸೆದುಬಿಡೋದು. ಅದನ್ನ ಬರೆದು ಊರಲ್ಲಿ ತೆಗೆದ ಹಳೇ ಫೈಲ್‌ಗಳ ಮೇಲೆ ಓಡಿಸಿದೆ.

ನನ್ನ ಸುಮಾರು 350 ಬಡಿತದಲ್ಲಿ ಎರಡು ಹೋದವು. ಅವ್ವನದರಲ್ಲಿ ಮೂರು. ಅಪ್ಪನ 440ರಲ್ಲಿ 160 ಹೋದವು.

ಅಪ್ಪ ಬೆರಳು ಅಲ್ಲಾಡಿಸಿದ್ದಾರೆ, ಅಂದುಕೊಂಡೆ. ಇಂಜಿನಿಯರ್ ಬುದ್ಧಿ ಮೊದಲು ಬೈಯೋದು ಡೇಟಾನ. ಆ ಫೈಲ್ ಅಳಿಸಿ ಮುಂದಿನ ಸಲ ಮತ್ತೆ ತೆಗೆದರಾಯ್ತು ಅಂತಲೂ ಅನಿಸ್ತು. ಅಳಿಸೋ ಮುಂಚೆ ಅಲೆಯನ್ನ ಒಮ್ಮೆ ಕಣ್ಣಾರೆ ನೋಡೋಣ ಅಂತ ತೆರೆದೆ.

ಅಲೆ ಸ್ವಚ್ಛವಾಗಿತ್ತು. ಗದ್ದಲವೇ ಇರಲಿಲ್ಲ. ಪ್ರತಿಯೊಂದು ಬಡಿತವೂ ನಿಜವಾದ ಬಡಿತ. ಅವುಗಳ ನಡುವಿನ ಅಂತರ ಮಾತ್ರ 520, 910, 640, 480, 830, ಹೀಗೆ. ಅದರಲ್ಲಿ ಉಸಿರಾಟದ ಲಯ ಇಲ್ಲ, ಯಾವ ಲಯವೂ ಇಲ್ಲ. ಅಂತರ ಚಿಕ್ಕದಾದ ಕಡೆ ಅಲೆಯೂ ಗಿಡ್ಡ. ಹೃದಯ ತುಂಬಿಕೊಳ್ಳೋಕೆ ಸಮಯ ಸಿಗದೆ ಇದ್ದಾಗ ರಕ್ತ ಕಡಿಮೆ ಹೊರಗೆ ಬರುತ್ತಲ್ಲ, ಅದು.

ಇನ್ನೊಂದು ಚಿತ್ರ ಹಾಕಿದೆ. ಪ್ರತಿ ಅಂತರವನ್ನ ಅದರ ಮುಂದಿನ ಅಂತರದ ಎದುರು ಚುಕ್ಕಿ ಇಡೋ ಪದ್ಧತಿ ಇದೆ, ಪ್ವಾಂಕರೆ ನಕ್ಷೆ ಅಂತಾರೆ. ನನ್ನ ಚುಕ್ಕಿಗಳು ಓರೆಯಾಗಿಟ್ಟ ಸೌತೆಕಾಯಿ ಹಾಗೆ ಒಟ್ಟಾಗಿದ್ದವು. ಅವ್ವನವು ಇನ್ನೂ ಸಣ್ಣ ಸೌತೆಕಾಯಿ. ಅಪ್ಪನವು ಕಣದ ತುಂಬ ಶೇಂಗಾ ಚೆಲ್ಲಿದ ಹಾಗೆ ಹರಡಿದ್ದವು.

ಆ ಚಿತ್ರವನ್ನ ನಾನು ಮೊದಲು ಪೇಪರ್‌ಗಳಲ್ಲಿ ನೋಡಿದ್ದೆ. ಅದರ ಕೆಳಗೆ ಏನು ಬರೆದಿರುತ್ತೆ ಅಂತಲೂ ಗೊತ್ತಿತ್ತು. ಏಟ್ರಿಯಲ್ ಫಿಬ್ರಿಲೇಶನ್. ಗುಡ್ಡದ ಮೇಲೆ ಮೂರು ಕಡೆ ಕೂತಿದ್ದು ಆಗ ನೆನಪಾಯ್ತು.

ಮರೆತಿದ್ದ ಷರತ್ತು

ಆರೋಗ್ಯವಂತ ಹೃದಯದಲ್ಲಿ ಬಡಿತಕ್ಕೆ ಅಪ್ಪಣೆ ಕೊಡೋದು ಬಲ ಮೇಲ್ಕೋಣೆಯಲ್ಲಿರೋ ಸೈನಸ್ ನೋಡ್ ಅನ್ನೋ ಪುಟ್ಟ ಗುಂಪು. ವೇಗಸ್ ನರದ ಬ್ರೇಕ್ ಬೀಳೋದು ಅದರ ಮೇಲೆ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಮೇಲಿನ ಕೋಣೆಗಳಲ್ಲಿ ವಿದ್ಯುತ್ ಅಡ್ಡಾದಿಡ್ಡಿ ಓಡಾಡಿ, ನಿಮಿಷಕ್ಕೆ 350ರಿಂದ 600 ಸಲ ಸುಮ್ಮನೆ ನಡುಗ್ತಾ ಇರುತ್ತವೆ. ಅದರಲ್ಲಿ ಯಾವುದೋ ಕೆಲವು ಮಾತ್ರ ಕೆಳಗಿನ ಕೋಣೆಗೆ ದಾಟುತ್ತವೆ. ಆದ್ದರಿಂದ ಬಡಿತ ಲಯ ತಪ್ಪುತ್ತೆ. ಮೇಲಿನ ಕೋಣೆ ಸರಿಯಾಗಿ ಹಿಂಡದೇ ಇರೋದರಿಂದ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಇದು ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು.

ಎಚ್‌ಆರ್‌ವಿಯನ್ನ ಹೇಗೆ ಅಳೀಬೇಕು ಅಂತ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಸೇರಿ 1996ರಲ್ಲಿ ನಿಯಮ ಬರೆದವು. ಅದರಲ್ಲಿ ಅಂತರಗಳನ್ನ 'ಎನ್‌ಎನ್' ಅಂತಾರೆ. ನಾರ್ಮಲ್‌ನಿಂದ ನಾರ್ಮಲ್‌ಗೆ. ಅಂದರೆ ಸೈನಸ್ ನೋಡ್ ಕೊಟ್ಟ ಬಡಿತಗಳನ್ನ ಮಾತ್ರ ಲೆಕ್ಕಕ್ಕೆ ತಗೋಬೇಕು. ಆ ಲಯವೇ ಇಲ್ಲದ ಕಡೆ ಎಚ್‌ಆರ್‌ವಿ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಆ ಎರಡು 'ಎನ್' ನಾನು ಮರೆತಿದ್ದ ಷರತ್ತು. ನನ್ನ ಕೋಡ್ ಅಪ್ಪನ ಕಾಯಿಲೆಗೆ ಫಸ್ಟ್ ಕ್ಲಾಸ್ ಮಾರ್ಕ್ಸ್ ಕೊಟ್ಟಿತ್ತು. ನಾನು ಅದನ್ನ ಎತ್ತಿ ಎಲ್ಲರಿಗೂ ತೋರಿಸಿದ್ದೆ.

ಅವ್ವನಿಗೆ ಫೋನ್ ಮಾಡಿದೆ. ಹೆದರಿಸಬಾರದು ಅಂತ ನಿಧಾನವಾಗಿ ಹೇಳಿದೆ. "ಅವ್ವಾ, ಅಪ್ಪನ ಮಣಿಕಟ್ಟು ಹಿಡಿದು ಒಂದು ನಿಮಿಷ ನೋಡು. ಬಡಿತ ಒಂದೇ ಸಮ ಬರುತ್ತಾ?"

ಫೋನ್ ಪಕ್ಕದಲ್ಲಿಟ್ಟಿದ್ದು ಕೇಳಿಸ್ತು. ಒಂದು ನಿಮಿಷ ತುಂಬ ಉದ್ದ ಆಗಿತ್ತು.

"ಇಲ್ಲ ಕಣೋ. ಕುಂಟಿದಂಗೆ ಬರ್ತೈತೆ. ಒಂದೊಂದು ಸಲ ಬಿಟ್ಟೇ ಹೋಗ್ತೈತೆ."

ಮಾರನೇ ದಿನ ಬೆಳಗ್ಗೆ ನಾನು ಚಳ್ಳಕೆರೆಗೇ ಬಂದೆ, ಅಪ್ಪನನ್ನ ಅಲ್ಲಿಗೆ ಕರೆಸಿಕೊಂಡೆ. ಡಾಕ್ಟರ್ ಇಸಿಜಿ ತೆಗೆಸಿದರು. ಎರಡು ನಿಮಿಷದ ಕೆಲಸ. ಸಂಶಯವೇ ಇರಲಿಲ್ಲ. ಆಮೇಲೆ ಎಕೋ, ಥೈರಾಯ್ಡ್ ಪರೀಕ್ಷೆ. ವಯಸ್ಸು 65 ದಾಟಿದೆ, ಮೊದಲಿನಿಂದ ಬಿಪಿ ಇದೆ, ಹಾಗಾಗಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳೋ ಮಾತ್ರೆ, ಬಡಿತದ ವೇಗ ತಗ್ಗಿಸೋ ಮಾತ್ರೆ ಶುರುವಾಯ್ತು.

ಡಾಕ್ಟರ್ ಕೇಳಿದ ಒಂದು ಪ್ರಶ್ನೆ: "ಎಷ್ಟು ದಿನದಿಂದ ಹೀಗಿದೆ?" ಅಪ್ಪನಿಗೆ ಗೊತ್ತಿರಲಿಲ್ಲ. ಎದೆ ಡವಡವ ಅಂತಲೂ ಅವರಿಗೆ ಅನಿಸಿರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು ಆ ಐದು ನಿಮಿಷದ ಅಲೆ ತೋರಿಸಿದೆ, ಫೈಲಿನ ಮೇಲೆ ತಾರೀಕು ಇತ್ತು. 19 ದಿನದ ಹಿಂದಿನದು. ಡಾಕ್ಟರ್ ಕನ್ನಡಕ ಏರಿಸಿ ನೋಡಿದರು. "ಇದು ರೋಗ ನಿರ್ಣಯಕ್ಕೆ ಆಗಲ್ಲ. ಆದರೆ ನನಗೆ ಉಪಯೋಗ ಇದೆ" ಅಂದರು. 48 ಗಂಟೆಗಿಂತ ಹಳೆಯದಾದರೆ ಲಯವನ್ನ ಕೂಡಲೇ ವಾಪಸ್ ತರೋಕೆ ಹೋಗಲ್ಲವಂತೆ. ಮೊದಲು ಕನಿಷ್ಠ ಮೂರು ವಾರ ಹೆಪ್ಪುಗಟ್ಟದ ಮಾತ್ರೆ ಕೊಟ್ಟು, ಆಮೇಲೆ ನೋಡ್ತಾರೆ. ಇಲ್ಲದಿದ್ದರೆ ಒಳಗೆ ಆಗಲೇ ಕೂತಿರೋ ಹೆಪ್ಪು ಹೊರಗೆ ಹಾರಬಹುದು.

ಅಂದರೆ ಆ ಡಬ್ಬಿಯ ಅಲೆ ಸುಳ್ಳು ಹೇಳಿರಲಿಲ್ಲ. ಅದರ ಮೇಲೆ ನಾನು ಅಂಟಿಸಿದ ಅಂಕ ಸುಳ್ಳು ಹೇಳಿತ್ತು. ಆ 19 ದಿನದಲ್ಲಿ ಏನೂ ಆಗಲಿಲ್ಲ. ಆಗಬಹುದಿತ್ತು.

ಬಂಡೆ ಮೇಲಿನ 256

ವಾಪಸ್ ಊರಿಗೆ ಹೋಗುವಾಗ ಬ್ರಹ್ಮಗಿರಿಯ ಬಂಡೆ ನೆನಪಾಯ್ತು. ನಮ್ಮೂರ ಸುತ್ತ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಮೂರು ಕಡೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದದ್ದು. ಅದರಲ್ಲಿ 256 ಅಂತ ಒಂದು ಸಂಖ್ಯೆ ಕೆತ್ತಿದೆ. ಇನ್ನೂರು, ಐವತ್ತು, ಆರು, ಹಾಗೆ ಬಿಡಿಬಿಡಿಯಾಗಿ. ಶಾಲೆಯಿಂದ ಕರೆದುಕೊಂಡು ಹೋದಾಗ ಮೇಷ್ಟ್ರು ಹೇಳಿದ್ದರು. ಮುಂದೆ ಇಂಜಿನಿಯರಿಂಗ್ ಓದುವಾಗ ಎರಡರ ಎಂಟನೇ ಘಾತ ಅಂದಾಗಲೆಲ್ಲ ಆ ಬಂಡೆ ಕಣ್ಣಿಗೆ ಬರ್ತಿತ್ತು.

ಆ 256 ಏನು? ಮೊದಲು ಕೆಲವು ವಿದ್ವಾಂಸರು ಬುದ್ಧನ ನಿರ್ವಾಣದಿಂದ 256 ವರ್ಷ ಅಂತ ಓದಿದರು. ಆಮೇಲಿನವರು, ಅಲ್ಲ, ಯಾತ್ರೆಯಲ್ಲಿ ಕಳೆದ 256 ರಾತ್ರಿಗಳು ಅಂದರು. ಸಂಖ್ಯೆ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ. ಅದು ಯಾವುದರ ಸಂಖ್ಯೆ ಅನ್ನೋದೇ ಜಗಳ. ವರ್ಷವೋ ರಾತ್ರಿಯೋ ಅನ್ನೋದರ ಮೇಲೆ ಇಡೀ ಕಾಲಗಣನೆ ಅದಲುಬದಲು. ಅಪ್ಪನ 118 ಕೂಡ ಅಷ್ಟೇ. ಲೆಕ್ಕ ಸರಿ ಇತ್ತು. ಅದು ಯಾವುದರ ಲೆಕ್ಕ ಅಂತ ನಾನು ಕೇಳಲಿಲ್ಲ.

ಹಾಗಾದರೆ ಏನು ಮಾಡೋಣ

ವಾಚ್ ಬಿಸಾಕಿ ಅಂತ ನಾನು ಹೇಳ್ತಿಲ್ಲ. ಇದೇ ಪಿಪಿಜಿ ಅಲೆಯನ್ನ ಸರಿಯಾದ ಪ್ರಶ್ನೆಗೆ ಬಳಸಿದರೆ ಉಪಯೋಗಕ್ಕೆ ಬರುತ್ತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 4,19,297 ಜನರ ಆ್ಯಪಲ್ ವಾಚಿನ ನಾಡಿ ಮಾಹಿತಿ ನೋಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 'ನಿಮ್ಮ ನಾಡಿ ಲಯ ತಪ್ಪಿದೆ' ಅನ್ನೋ ಎಚ್ಚರಿಕೆ ಬಂದದ್ದು ಶೇಕಡಾ 0.52 ಜನಕ್ಕೆ ಮಾತ್ರ. ಅವರಲ್ಲಿ ಆಮೇಲೆ ಇಸಿಜಿ ಪಟ್ಟಿ ಅಂಟಿಸಿಕೊಂಡು ವಾಪಸ್ ಕಳಿಸಿದವರ ಪೈಕಿ ಶೇಕಡಾ 34 ಮಂದಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಕಾಣಿಸಿತು. ಈ ಕಾಯಿಲೆ ಬಂದು ಹೋಗಿ ಮಾಡೋದರಿಂದ ಉಳಿದವರದೆಲ್ಲ ಸುಳ್ಳು ಎಚ್ಚರಿಕೆ ಅಂತಲೂ ಹೇಳೋಕಾಗಲ್ಲ. ಆ ವಾಚ್ ಕೇಳಿದ ಪ್ರಶ್ನೆ 'ಲಯ ಇದೆಯಾ' ಅಂತ. ನಾನು ಕೇಳಿದ್ದು 'ಮಾರ್ಕ್ಸ್ ಎಷ್ಟು' ಅಂತ.

ನನ್ನ ಅನುಭವದಿಂದ ನಾಲ್ಕು ಮಾತು ಹೇಳಿ ಮುಗಿಸ್ತೀನಿ.

ನಿಮ್ಮ ಎಚ್‌ಆರ್‌ವಿಯನ್ನ ಪಕ್ಕದ ಸೀಟಿನವನ ಜೊತೆ ಹೋಲಿಸಬೇಡಿ. ವಯಸ್ಸು, ಮೈಕಟ್ಟು, ವಾಚಿನ ಕಂಪನಿ, ಲೆಕ್ಕದ ರೀತಿ ಎಲ್ಲವೂ ಬೇರೆ. ನಿಮ್ಮದೇ ಎರಡು ಮೂರು ವಾರದ ಸರಾಸರಿ ಜೊತೆ ನೋಡಿಕೊಳ್ಳಿ. ಒಂದು ದಿನದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅಳೆಯೋದಾದರೆ ಒಂದೇ ಹೊತ್ತಿಗೆ, ಒಂದೇ ಭಂಗಿಯಲ್ಲಿ, ಕೈ ಆಡಿಸದೆ ಅಳೆಯಿರಿ.

ಅಂಕ ಇದ್ದಕ್ಕಿದ್ದಂತೆ ತುಂಬ ಏರಿದರೆ ಖುಷಿ ಪಡೋ ಮುಂಚೆ ನಾಡಿ ಹಿಡಿದು ನೋಡಿ. ಉಸಿರಿನ ಜೊತೆ ಚುರುಕಾಗಿ ನಿಧಾನ ಆದರೆ ಅದು ಸಹಜ. ಯಾವ ಲಯವೂ ಸಿಗದೆ ಕುಂಟಿದರೆ ಡಾಕ್ಟರ್ ಹತ್ತಿರ ಹೋಗಿ ಇಸಿಜಿ ತೆಗೆಸಿ. ನಿರ್ಣಯ ಹೇಳೋದು ಅದು ಮಾತ್ರ.

ಕೊನೆಯದು, ಊರಿಗೆ ಹೋದಾಗ ಅಪ್ಪ ಅಮ್ಮನ ಮಣಿಕಟ್ಟು ಹಿಡೀರಿ. ಒಂದು ನಿಮಿಷ ಪೂರ್ತಿ. ಅವರಿಗೆ 65 ದಾಟಿದ್ದರೆ ಇದನ್ನ ತಪ್ಪಿಸಬೇಡಿ. ಜೊತೆಗೆ ಮನೆಯವರು 'ಮೊದಲಿನ ಹಾಗಿಲ್ಲ' ಅಂದರೆ ಆ ಮಾತನ್ನ 'ವಯಸ್ಸಾಯ್ತು' ಅಂತ ಮುಚ್ಚಿ ಹಾಕಬೇಡಿ. ಅದೂ ಒಂದು ರೀಡಿಂಗ್.

ಅಪ್ಪ ಈಗ ಮಾತ್ರೆ ತಪ್ಪಿಸಲ್ಲ. ಬಡಿತದ ವೇಗ ಹತೋಟಿಯಲ್ಲಿದೆ, ಮುಂದಿನ ತಿಂಗಳು ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕು. ಆ ಡಬ್ಬಿಯನ್ನ ಊರಲ್ಲೇ ಬಿಟ್ಟು ಬಂದಿದ್ದೆ, ಅವ್ವ ಅದನ್ನ ಮುಟ್ಟಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಅಪ್ಪನ ಕೈ ಹಿಡಿದು, ಗೋಡೆ ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದಿಡ್ತಾಳೆ. ನಿನ್ನೆ 76.

"ಮಾರ್ಕ್ಸ್ ಎಷ್ಟು ಬಂತೇ?" ಅಂತ ಕೇಳ್ತಾರಂತೆ ಅಪ್ಪ.

"ಸುಮ್ನೆ ಕೂತ್ಕೊಳ್ರಿ, ಎಣಿಕೆ ತಪ್ತೈತೆ" ಅಂತಾಳಂತೆ ಅವ್ವ.